ಮೇಷ್ಟರನ್ನು ಕೇಳಿದವರುಂಟೆ?

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದ ಆಶ್ರಯದಲ್ಲಿ ಒಂದು ಸ್ಪರ್ಧೆ ನಡೆದುದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಸರ್ಕಾರಿ ಪ್ರಾಥಮಿಕ ಶಾಲೆಗಳ ಇಂದಿನ ಸ್ಥಿತಿಗೆ ಉಪಾಧ್ಯಾಯರೇ ಹೊಣೆ ಎಂಬುದು ಅಂದಿನ ವಿಷಯ. ನಾನು ವಿಷಯದ ಪರವಾಗಿ ಮಾತನಾಡಿದೆ. ಸರ್ಕಾರದವರು ಕಟ್ಟಡ ಕೊಟ್ಟಿದ್ದಾರೆ, ಪುಸ್ತಕ ಕೊಟ್ಟಿದ್ದಾರೆ, ಸಮವಸ್ತ್ರ, ಬೂಟು, ಹಾಲು, ಬಿಸಿಯೂಟ ಎಲ್ಲವನ್ನೂ ಕೊಟ್ಟಿದ್ದಾರೆ, ಹೊಸ ಹೊಸ ಬೋಧನಾಪದ್ಧತಿಗಳನ್ನೂ ತಂದಿದ್ದಾರೆ, ಇಷ್ಟಾದರೂ ಮಗುವಿಗೆ ಓದು ಬಾರದಿದ್ದರೆ ತಪ್ಪು ಯಾರದು ಎಂದು ಪ್ರಶ್ನಿಸಿ, ಕೊನೆಗೆ "ದೇವರು ವರ ಕೊಟ್ಟರೂ ಪೂಜಾರಿ ಕೊಡ" ಎಂಬ ಗಾದೆಯನ್ನು ಹೇಳಿ ಕುಳಿತೆ. ಸಭಾಂಗಣವೆಲ್ಲ ಚಪ್ಪಾಳೆಯಿಂದ ತುಂಬಿತು. ಮೊದಲನೆಯ ಬಹುಮಾನವೂ ನನಗೇ ಬಂದಿತು.

ಅಂದು ನಾನು ಸಭೆಗೆ ಹೇಳದೆ ಬಿಟ್ಟ ಮಾತೊಂದುಂಟು. ನನ್ನ ತಾಯಿಯೇ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಅವರು ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು.

ಸಂಜೆ ಮನೆಗೆ ಹೋಗಿ ಬಹುಮಾನವನ್ನು ತೋರಿಸಿದೆ. ತಾಯಿ ನೆಲದ ಮೇಲೆ ಕುಳಿತು ಮಕ್ಕಳಿಗಾಗಿ ರಟ್ಟಿನ ಅಕ್ಷರಗಳನ್ನು ಕತ್ತರಿಸುತ್ತಿದ್ದರು. ನಾನು ಆಡಿದ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಪೂಜಾರಿಯ ಗಾದೆ ಬಂದಾಗ ನಕ್ಕರು ಕೂಡ. ಆಮೇಲೆ ಕತ್ತರಿಯನ್ನು ಕೆಳಗಿಟ್ಟು ಹೇಳಿದರು: "ಚೆನ್ನಾಗಿಯೇ ಮಾತನಾಡಿದ್ದೀಯೆ. ಪರ ವಿರೋಧ ಅಂತ ಅಷ್ಟು ಜನ ಮಾತನಾಡಿದಿರಲ್ಲ, ನಿಮ್ಮಲ್ಲಿ ಯಾರಾದರೂ ಒಬ್ಬ ಮೇಷ್ಟರನ್ನು ಹೋಗಿ ಕೇಳಿದ್ದಿರಾ?"

ನನ್ನಲ್ಲಿ ಉತ್ತರವಿರಲಿಲ್ಲ. ಬೇರೆಯವರ ಮಾತು ಹಾಗಿರಲಿ, ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದು ನಾನೇ ಕೇಳಿರಲಿಲ್ಲ. ಆ ನಾಚಿಕೆಯಿಂದಲೇ ಸೆಮಿಸ್ಟರ್ ರಜೆಯಲ್ಲಿ ಎಂಟು ದಿನ ತಾಯಿಯ ಜೊತೆ ಅವರ ಶಾಲೆಗೆ ಹೋದೆ. ಒಂದು ದಿನ ಅಕ್ಕಪಕ್ಕದ ಶಾಲೆಗಳವರು ಸೇರುವ ಕ್ಲಸ್ಟರ್ ಸಭೆಗೂ ಹೋಗಿ, ಹೊರಗಿನ ಕಟ್ಟೆಯ ಮೇಲೆ ಕುಳಿತು, ನಾಲ್ಕಾರು ಮಂದಿ ಉಪಾಧ್ಯಾಯರೊಡನೆ ಮಾತನಾಡಿದೆ. ಅಲ್ಲಿ ಕಂಡುದನ್ನೂ ಕೇಳಿದುದನ್ನೂ ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ಅಂದು ಸಭೆಯಲ್ಲಿ ಗಟ್ಟಿಯಾಗಿ ಆಡಿದುದನ್ನು ಇಂದು ಬರವಣಿಗೆಯಲ್ಲಿ ತಿದ್ದಿಕೊಳ್ಳುವುದು ನ್ಯಾಯವೆಂದು ನನಗೆ ತೋರಿದೆ.

ನಮ್ಮ ದೇಶದಲ್ಲಿ ವಿದ್ಯಾಭ್ಯಾಸದ ಸುಧಾರಣೆಗೆ ಎಂದೂ ಬರಗಾಲ ಬಂದುದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1952-53ರಲ್ಲಿ ಮುದಲಿಯಾರ್ ಆಯೋಗ, 1964-66ರಲ್ಲಿ ಕೊಠಾರಿ ಆಯೋಗ, 1986ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅದರ ಬೆನ್ನಿಗೇ 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್, 2001ರಲ್ಲಿ ಸರ್ವ ಶಿಕ್ಷಾ ಅಭಿಯಾನ, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ, 2020ರಲ್ಲಿ ಮತ್ತೊಂದು ರಾಷ್ಟ್ರೀಯ ನೀತಿ, ಹೀಗೆ ಸಾಲು ಸಾಲಾಗಿ ಬಂದಿವೆ. ಇವುಗಳನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು. ಒಂದೇ ಕೊಠಡಿ ಒಬ್ಬನೇ ಉಪಾಧ್ಯಾಯನಿದ್ದ ಎಷ್ಟೋ ಹಳ್ಳಿಗಳಿಗೆ ಎರಡನೆಯ ಕೊಠಡಿಯೂ ಎರಡನೆಯ ಉಪಾಧ್ಯಾಯನೂ ಬಂದುದು ಬ್ಲ್ಯಾಕ್‌ಬೋರ್ಡ್ ಯೋಜನೆಯ ಫಲ. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಆಮೇಲೆ ಎಲ್ಲೆಡೆ ಹರಡಿದ ಅಕ್ಷರ ದಾಸೋಹದ ವಿಷಯವನ್ನು ಎತ್ತಿದರೆ ನನ್ನ ತಾಯಿ ಕೈಮುಗಿಯುತ್ತಾರೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಧ್ಯಾಹ್ನ ಊಟಕ್ಕೆ ಬಿಟ್ಟ ಮಕ್ಕಳಲ್ಲಿ ಎಷ್ಟೋ ಮಂದಿ ತಿರುಗಿ ಬರುತ್ತಿರಲಿಲ್ಲವಂತೆ. ಬಂದವರಲ್ಲಿ ಎಲ್ಲರೂ ಉಂಡು ಬಂದವರಾಗಿರಲಿಲ್ಲವಂತೆ.

ಹಾಗಾದರೆ ಉಪಾಧ್ಯಾಯರ ದೂರು ಏನು? ಅದನ್ನು ಒಂದೇ ಉದಾಹರಣೆಯಿಂದ ಹೇಳುವುದು ಲೇಸು. ಅದು ನಮ್ಮ ನಾಡಿನ ಉದಾಹರಣೆಯೇ, ನಮ್ಮಲ್ಲಿ ಕೆಲವರು ಒಂದನೆಯ ತರಗತಿಯಲ್ಲಿ ಅದರಿಂದಲೇ ಅಕ್ಷರ ಕಲಿತವರು. ನಾನು ಹೇಳುತ್ತಿರುವುದು 'ನಲಿ-ಕಲಿ' ಪದ್ಧತಿಯ ವಿಷಯ.

ನಲಿ-ಕಲಿ ಹುಟ್ಟಿದುದು ಬೆಂಗಳೂರಿನ ಕಛೇರಿಯಲ್ಲಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯೂನಿಸೆಫ್ ಸಂಸ್ಥೆಯ ನೆರವಿನಿಂದ ಅದು ಆರಂಭವಾಯಿತು. ಕಾಡಂಚಿನ ಹಾಡಿಗಳೂ ಚದುರಿದ ಹಳ್ಳಿಗಳೂ ಇರುವ ತಾಲ್ಲೂಕು ಅದು. ಅಲ್ಲಿಯ ಕೆಲವು ಮಂದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಆಂಧ್ರದ ಮದನಪಲ್ಲೆಯ ಸಮೀಪದಲ್ಲಿರುವ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮೀಣ ಶಿಕ್ಷಣ ಕೇಂದ್ರದವರು ನಡೆಸುತ್ತಿದ್ದ ಸಣ್ಣ ಸಣ್ಣ ಶಾಲೆಗಳನ್ನು ನೋಡಿ ಬಂದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು, ಕಾರ್ಡುಗಳನ್ನು ಎತ್ತಿಕೊಂಡು, ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಅಲ್ಲಿ ಕಂಡರು. ಕಂಡುದನ್ನು ಹಾಗೆಯೇ ಹೊತ್ತು ತರಲಿಲ್ಲ. ಊರಿಗೆ ಬಂದು ಪಠ್ಯಪುಸ್ತಕವನ್ನು ಬಿಡಿಸಿ, ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ತಮ್ಮ ಮಕ್ಕಳ ಆಟ, ಹಾಡು, ಮಾತುಗಳನ್ನು ಸೇರಿಸಿ, ತಾವೇ ಕಾರ್ಡುಗಳನ್ನು ಬರೆದು, 'ಕಲಿಕಾ ಏಣಿ'ಯೊಂದನ್ನು ಕಟ್ಟಿದರು. ಒಂದು ಮೆಟ್ಟಿಲು ಮಕ್ಕಳಿಗೆ ಎಟುಕದಿದ್ದರೆ ಅದನ್ನು ತೆಗೆದು ಬೇರೊಂದನ್ನು ಇಡುವ ಅಧಿಕಾರ ಅವರ ಕೈಯಲ್ಲೇ ಇತ್ತು.

ಆ ಏಣಿಯ ಮೊದಲ ಮೆಟ್ಟಿಲುಗಳನ್ನು ನೋಡಿದವರಿಗೆ ಅದರ ಹಿಂದಿರುವ ಅನುಭವ ತಿಳಿಯದೆ ಇರದು. ನಮ್ಮ ಹಿರಿಯರು ಅ ಆ ಇ ಈ ಎಂದು ತಿದ್ದಿ ಅಕ್ಷರಮಾಲೆ ಮುಗಿಸಿ, ಆಮೇಲೆ ಕಾಗುಣಿತ ಮುಗಿಸಿ, ಎಷ್ಟೋ ತಿಂಗಳಾದ ಮೇಲೆ ಒಂದು ಪದವನ್ನು ಓದುತ್ತಿದ್ದರು. ನಲಿ-ಕಲಿಯಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಬರೆಯಲು ಸುಲಭವಾದ ಈ ಐದರಿಂದಲೇ ಅರಸ, ಸರ, ಅಗಸ, ದಸರ ಎಂಬ ಪದಗಳು ಬಂದುಬಿಡುತ್ತವೆ. ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ಮಗುವಿಗೆ ತಾನು ಓದಬಲ್ಲೆನೆಂಬ ಧೈರ್ಯ ಹುಟ್ಟುತ್ತದೆ. ಗೋಡೆಯ ಬುಡದಲ್ಲಿ ಮಗುವಿನ ಕೈಗೆ ಎಟುಕುವಂತೆ ಕಪ್ಪುಹಲಗೆ, ತಲೆಯ ಮೇಲೆ ದಾರಕ್ಕೆ ತೂಗುಹಾಕಿದ ಮಕ್ಕಳ ಚಿತ್ರಗಳ ಚಪ್ಪರ, ನೆಲದ ಮೇಲೆ ಗುಂಪು ಗುಂಪಾಗಿ ಕುಳಿತ ಮಕ್ಕಳು, ಅವರ ನಡುವೆ ಉಪಾಧ್ಯಾಯರೂ ನೆಲದ ಮೇಲೆಯೇ. ಬೆತ್ತಕ್ಕೂ ಕುರ್ಚಿಗೂ ಅಲ್ಲಿ ಕೆಲಸವಿಲ್ಲ.

ಇದರ ಗುಣವನ್ನು ನಾನು ಕಣ್ಣಾರೆ ಕಂಡೆ. ತಾಯಿಯ ಶಾಲೆಯಲ್ಲಿ ಎರಡನೆಯ ತರಗತಿಯ ಒಬ್ಬ ಹುಡುಗಿ. ಅವಳ ತಂದೆತಾಯಿಗಳು ಕಬ್ಬು ಕಡಿಯುವ ಕೂಲಿಗಾಗಿ ಊರು ಬಿಟ್ಟು ಹೋಗಿ ಎರಡು ತಿಂಗಳಾದ ಮೇಲೆ ತಿರುಗಿ ಬಂದಿದ್ದರು. ಹಳೆಯ ಕ್ರಮದಲ್ಲಾದರೆ ತರಗತಿಯು ಇಪ್ಪತ್ತು ಪಾಠ ಮುಂದೆ ಹೋಗಿರುತ್ತಿತ್ತು, ಹುಡುಗಿ ಹಿಂದಿನ ಸಾಲಿನಲ್ಲಿ ಮೂಕಳಾಗಿ ಕೂರಬೇಕಾಗುತ್ತಿತ್ತು. ಇಲ್ಲಿ ಅವಳು ಬಂದವಳೇ ಗೋಡೆಯ ಮೇಲಿನ ಏಣಿಯ ಪಟವನ್ನು ನೋಡಿ, ತಾನು ಬಿಟ್ಟುಹೋದ ಚಿತ್ರದ ಗುರುತನ್ನು ಬೆರಳಿನಿಂದ ಹುಡುಕಿ, ತಟ್ಟೆಯಿಂದ ಆ ಕಾರ್ಡನ್ನೇ ಎತ್ತಿಕೊಂಡು ಕುಳಿತಳು. ಯಾರೂ ಅವಳನ್ನು ಹಿಂದುಳಿದವಳೆಂದು ಕರೆಯಲಿಲ್ಲ.

2009-10ರಲ್ಲಿ ಸರ್ಕಾರವು ಈ ಪದ್ಧತಿಯನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಂದು ತಾಲ್ಲೂಕಿನಲ್ಲಿ ಫಲ ಕೊಟ್ಟುದು ನಾಡಿನ ಎಲ್ಲ ಮಕ್ಕಳಿಗೂ ದೊರೆಯಲಿ ಎಂಬ ಆಶಯವನ್ನು ಯಾರೂ ತಪ್ಪೆನ್ನಲಾರರು. ಆದರೆ ಕೋಟೆ ತಾಲ್ಲೂಕಿನವರಿಗೂ ಉಳಿದವರಿಗೂ ಒಂದು ವ್ಯತ್ಯಾಸವಾಯಿತು. ಅವರು ಏಣಿಯನ್ನು ಕಟ್ಟಿದವರು. ನನ್ನ ತಾಯಿಗೆ ಅದು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬಂದಿತು. ಕೆಲವು ದಿನಗಳ ತರಬೇತಿ, ಕಾರ್ಡುಗಳ ಕಟ್ಟು, ತುಂಬಬೇಕಾದ ದಾಖಲೆಗಳು, ಇಷ್ಟು ಅವರ ಪಾಲಿಗೆ ಬಂದುದು. ಏಣಿ ಬಂದಿತು, ಅದನ್ನು ಮಾಡುವ ಉಳಿ ಬರಲಿಲ್ಲ.

ಇದರಿಂದ ಆಗುವುದೇನು ಎಂಬುದಕ್ಕೆ ತಾಯಿ ಹೇಳಿದ ಒಂದು ಪ್ರಸಂಗ ಸಾಕು. ಕೆಲವು ವರ್ಷಗಳ ಹಿಂದೆ ಅವರ ತರಗತಿಯಲ್ಲಿ ಒಬ್ಬ ಚೂಟಿಯಾದ ಹುಡುಗ. ಅಕ್ಕನ ಪುಸ್ತಕವನ್ನು ನೋಡಿ ನೋಡಿ ಮನೆಯಲ್ಲೇ ಓದು ಕಲಿತಿದ್ದ. ಅವನಿಗೆ ಒಂದೊಂದೇ ಅಕ್ಷರದ ಕಾರ್ಡು ಕೊಟ್ಟರೆ ಕ್ಷಣದಲ್ಲಿ ಮುಗಿಸಿ ಪಕ್ಕದವನನ್ನು ಚಿವುಟುವನು. ತಾಯಿ ಅವನನ್ನು ನಾಲ್ಕಾರು ಮೆಟ್ಟಿಲು ಮೇಲಕ್ಕೆ ಹತ್ತಿಸಿ ಕಥೆಯ ಕಾರ್ಡನ್ನು ಕೊಟ್ಟರು. ಹುಡುಗ ತೆಪ್ಪಗೆ ಕುಳಿತು ಓದತೊಡಗಿದ. ಆ ವಾರವೇ ಶಾಲೆಗೆ ಬಂದ ಅಧಿಕಾರಿಯೊಬ್ಬರು ಪ್ರಗತಿಯ ಪಟದಲ್ಲಿ ನಡುವೆ ಖಾಲಿ ಬಿದ್ದ ಮನೆಗಳನ್ನು ಕಂಡು, ಮೆಟ್ಟಿಲು ಹಾರಿಸುವಂತಿಲ್ಲವೆಂದು ಪುಸ್ತಕದಲ್ಲಿ ಬರೆದು ಹೋದರು. ಹುಡುಗನನ್ನು ಕರೆದು ಒಂದು ಸಾಲು ಓದಿಸಿ ನೋಡಲು ಅವರಿಗೆ ಬಿಡುವಿರಲಿಲ್ಲ. ಮುಂದೆ ತಾಯಿ ಏನು ಮಾಡಿದರು ಎಂದು ಕೇಳಿದೆ. "ಆ ಮನೆಗಳಿಗೆಲ್ಲ ಗುರುತು ಹಾಕಿದೆ. ಹುಡುಗ ಕಥೆ ಓದುತ್ತಲೇ ಇದ್ದ" ಎಂದರು. ಇಪ್ಪತ್ತು ವರ್ಷಕ್ಕೂ ಮೇಲೆ ಸೇವೆ ಮಾಡಿದ ಉಪಾಧ್ಯಾಯಿನಿಯು ಒಳ್ಳೆಯ ಕೆಲಸ ಮಾಡುವುದಕ್ಕೆ ಸುಳ್ಳು ಗುರುತನ್ನು ಹಾಕಬೇಕಾಯಿತಲ್ಲ ಎಂದು ನನಗೆ ಬಹಳ ನೋವಾಯಿತು.

ಇನ್ನು ತರಗತಿಯ ದಿನಚರಿಗೆ ಬರೋಣ. ಒಬ್ಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ದಿನದಲ್ಲಿ ಪಾಠಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂಬುದು ಹೊರಗಿನವರಿಗೆ ತಿಳಿಯದು, ನನಗೂ ತಿಳಿದಿರಲಿಲ್ಲ. ನಾನು ಕಂಡ ಒಂದು ಮಂಗಳವಾರದ ಕಥೆಯನ್ನು ಹೇಳುತ್ತೇನೆ. ಅಂದು ಶಾಲೆಯ ಇನ್ನೊಬ್ಬ ಉಪಾಧ್ಯಾಯರು ತರಬೇತಿಗೆ ಹೋಗಿದ್ದರು. ಆದುದರಿಂದ ಒಂದರಿಂದ ಐದರವರೆಗಿನ ಎಲ್ಲ ಮಕ್ಕಳೂ ತಾಯಿಯ ಪಾಲಿಗೆ ಬಂದಿದ್ದರು. ಪ್ರಾರ್ಥನೆ, ಹಾಲು ಹಂಚುವುದು, ಹಾಜರಿ. ಹಾಜರಿಯನ್ನು ಪುಸ್ತಕದಲ್ಲಿ ಬರೆದರೆ ಸಾಲದು, ಮೊಬೈಲಿನಲ್ಲಿಯೂ ತುಂಬಬೇಕು. ಅಂದು ಕೊಠಡಿಯೊಳಗೆ ಸಂಪರ್ಕ ಸಿಗಲಿಲ್ಲ, ಹುಣಸೆಮರದ ಕೆಳಗೆ ಹೋಗಿ ನಿಂತು ತುಂಬಿದ್ದಾಯಿತು. ತಿರುಗಿ ಬಂದು ಕುಳಿತರೆ, ಅಡುಗೆಯವರು ಬಂದು ಬೇಳೆ ಎಣ್ಣೆಗಳ ಲೆಕ್ಕ ಕೇಳಿದರು. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಯಾರು ಯಾವುದನ್ನು ತಿನ್ನುವವರು ಎಂಬುದನ್ನು ಬರೆದಿಡಬೇಕು. ಅಷ್ಟರಲ್ಲಿ ದೂರವಾಣಿ: ಎಷ್ಟು ಮಕ್ಕಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆ, ಇಂದೇ ಸಂಜೆಯೊಳಗೆ ತಿಳಿಸತಕ್ಕದ್ದು.

ಆ ಹೊತ್ತಿನಲ್ಲಿ ಕಬ್ಬಿನ ಕೂಲಿಯವರ ಮಗಳು ಒಂದು ಕಾರ್ಡನ್ನು ಹಿಡಿದು ತಾಯಿಯ ಮುಂದೆ ನಿಂತಿದ್ದಳು. ಓದುತ್ತ ಓದುತ್ತ ಒಂದು ಪದದಲ್ಲಿ ತಡೆದು, ಆ ಪದದ ಮೇಲೆ ಬೆರಳಿಟ್ಟು ಮುಖ ನೋಡುತ್ತಿದ್ದಳು. ತಾಯಿ ಫೋನಿನಲ್ಲಿ ಮಾತನಾಡುತ್ತ ಒಂದು ಕೈಯಿಂದ ಅವಳಿಗೆ ನಿಲ್ಲು ಎಂದು ಸನ್ನೆ ಮಾಡಿದರು. ಮಾತು ಮುಗಿಯುವ ವೇಳೆಗೆ ಹುಡುಗಿ ಕಾರ್ಡನ್ನು ತಟ್ಟೆಯಲ್ಲಿ ಇಟ್ಟು ಹೊರಗೆ ಆಡಲು ಹೋಗಿದ್ದಳು. ಒಂದು ಮಗುವಿಗೆ ಓದು ಬರುವ ಗಳಿಗೆ ಎಂಬುದು ಕೇಳಿದಾಗ ಬರುವಂತಹುದಲ್ಲ. ಅಂದು ತಪ್ಪಿದ ಆ ಗಳಿಗೆ ಯಾವ ನಮೂನೆಯಲ್ಲಿಯೂ ದಾಖಲಾಗಲಿಲ್ಲ. ಆಧಾರ್ ಸಂಖ್ಯೆ ಮಾತ್ರ ಸಂಜೆಯೊಳಗೆ ತಲುಪಿತು.

ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಪ್ರಕರಣವು ಉಪಾಧ್ಯಾಯರನ್ನು ಶೈಕ್ಷಣಿಕವಲ್ಲದ ಕೆಲಸಗಳಿಗೆ ನಿಯೋಜಿಸಬಾರದೆಂದು ಹೇಳುತ್ತದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತಿನ ಪರಿಹಾರ ಮತ್ತು ಚುನಾವಣೆ, ಈ ಮೂರನ್ನು ಮಾತ್ರ ಅದು ಹೊರತುಪಡಿಸಿದೆ. ಕಾಗದದ ಮೇಲೆ ಇದು ಸ್ಪಷ್ಟವಾಗಿಯೇ ಇದೆ. ಆದರೂ 2015ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರು ಬಹುಮಟ್ಟಿಗೆ ಉಪಾಧ್ಯಾಯರೇ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಎರಡನೆಯ ಸಮೀಕ್ಷೆಗೂ ಅವರೇ ಹೋಗಬೇಕಾಯಿತು, ಅದು ಮುಗಿಯಲೆಂದು ಸರ್ಕಾರಿ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಹಿಂದುಳಿದವರ ಲೆಕ್ಕ ಸರಿಯಾಗಿ ಸಿಗಬೇಕೆಂಬುದು ನ್ಯಾಯವೇ. ಆದರೆ ಆ ಲೆಕ್ಕವನ್ನು ತರಲು ಯಾರ ಪಾಠ ನಿಂತಿತು ಎಂದು ನೋಡಿದರೆ, ಹಿಂದುಳಿದವರ ಮಕ್ಕಳದೇ. ಹೆಚ್ಚು ಶುಲ್ಕ ಕೊಡುವ ಖಾಸಗಿ ಶಾಲೆಯ ಮಕ್ಕಳ ಪಾಠ ಅದಕ್ಕಾಗಿ ನಿಲ್ಲಲಿಲ್ಲ.

ಪರೀಕ್ಷೆಯ ವಿಷಯದಲ್ಲಿಯೂ ಹೀಗೆಯೇ. ಎಂಟನೆಯ ತರಗತಿಯವರೆಗೆ ಯಾರನ್ನೂ ನಪಾಸು ಮಾಡಬಾರದೆಂದು 2009ರ ಕಾಯ್ದೆ ಹೇಳಿತು. 2019ರ ತಿದ್ದುಪಡಿಯಿಂದ ಐದು ಮತ್ತು ಎಂಟನೆಯ ತರಗತಿಗಳಿಗೆ ಪರೀಕ್ಷೆ ನಡೆಸುವ ಅವಕಾಶ ರಾಜ್ಯಗಳಿಗೆ ದೊರೆಯಿತು. ನಮ್ಮ ರಾಜ್ಯದಲ್ಲಿ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಬಂದಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಮಾರ್ಚ್ ತಿಂಗಳಲ್ಲಿ ಒಂದು ಪೀಠ ಪರೀಕ್ಷೆ ಬೇಡವೆಂದಿತು, ಮೇಲಿನ ಪೀಠ ನಡೆಯಲಿ ಎಂದಿತು. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಫಲಿತಾಂಶಕ್ಕೆ ತಡೆ ಕೊಟ್ಟಿತು. ನ್ಯಾಯಾಲಯಗಳ ತೀರ್ಪನ್ನು ವಿಮರ್ಶಿಸುವುದು ನನ್ನ ಅಳವಲ್ಲ. ಆದರೆ ಆ ದಿನಗಳಲ್ಲಿ ಐದನೆಯ ತರಗತಿಯ ಒಬ್ಬ ಹುಡುಗ ತಾಯಿಯನ್ನು ದಾರಿಯಲ್ಲಿ ನಿಲ್ಲಿಸಿ, "ಮಿಸ್, ನಾನು ಪಾಸಾ?" ಎಂದು ಕೇಳಿದನಂತೆ. ಐದು ವರ್ಷ ಅವನ ಕೈಹಿಡಿದು ಬರೆಸಿದ ಉಪಾಧ್ಯಾಯಿನಿಗೆ ಅದಕ್ಕೆ ಉತ್ತರ ಕೊಡುವ ಸ್ವಾತಂತ್ರ್ಯವಿರಲಿಲ್ಲ.

ಇಷ್ಟು ಓದಿದವರು, ತಾಯಿಯ ಮೇಲಿನ ಮಮತೆಯಿಂದ ಉಪಾಧ್ಯಾಯರ ವಕಾಲತ್ತು ವಹಿಸಿದ್ದೇನೆ ಎಂದುಕೊಂಡಾರು. ಹಾಗಾಗಬಾರದು. ಕ್ಲಸ್ಟರ್ ಸಭೆಯ ಹೊರಗೆ ನಾನು ಕೇಳಿದುದೆಲ್ಲ ಹಿತವಾದ ಮಾತಾಗಿರಲಿಲ್ಲ. ನಿವೃತ್ತಿಗೆ ಹತ್ತಿರವಾದ ಒಬ್ಬರು ಹೇಳಿದರು: "ಯಾವ ಪದ್ಧತಿ ಬಂದರೂ ಮೂರು ವರ್ಷ. ಆಮೇಲೆ ಅದು ಹೋಗಿ ಇನ್ನೊಂದು ಬರುತ್ತದೆ. ಅಲ್ಲಿಯವರೆಗೆ ದಾಖಲೆ ಸರಿಯಾಗಿದ್ದರೆ ಸಾಕು." ಇನ್ನೊಬ್ಬರ ಶಾಲೆಯಲ್ಲಿ ನಲಿ-ಕಲಿಯ ಕಾರ್ಡುಗಳು ಬೀರುವಿನಲ್ಲಿ ಹೊಸದಾಗಿಯೇ ಉಳಿದಿವೆ ಎಂದು ಅವರೇ ನಗುತ್ತ ಹೇಳಿಕೊಂಡರು. ಮೂರನೆಯವರೊಬ್ಬರು ಪ್ರಾಮಾಣಿಕವಾಗಿಯೇ ನಲಿ-ಕಲಿಯನ್ನು ಒಪ್ಪದವರು. ಮೂರು ತರಗತಿಗಳ ಮಕ್ಕಳನ್ನು ಒಂದೇ ಕಡೆ ಕೂರಿಸುವುದರಿಂದ ದೊಡ್ಡವರಿಗೆ ಅನ್ಯಾಯವಾಗುತ್ತದೆ, ಕೈಯಲ್ಲಿ ಪುಸ್ತಕ ಕಾಣದ ತಂದೆತಾಯಿಗಳು ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸುತ್ತಾರೆ ಎಂಬುದು ಅವರ ವಾದ. ಆದುದರಿಂದ ಮೇಷ್ಟರನ್ನು ಕೇಳಿದರೆ ಒಂದೇ ಉತ್ತರ ಸಿಗುತ್ತದೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ನನ್ನ ತಾಯಿಯೂ ತಮ್ಮನ್ನು ಬಿಟ್ಟುಕೊಳ್ಳಲಿಲ್ಲ. ಕೊನೆಯ ದಿನ ಶಾಲೆಯಿಂದ ನಡೆದು ಬರುವಾಗ ಒಂದು ಮಾತು ಹೇಳಿದರು. ಒಂದು ವರ್ಷ ಅವರ ಕೊಠಡಿಯಿಂದ ಐವರು ಹುಡುಗರು ಓದು ಬಾರದೆಯೇ ನಾಲ್ಕನೆಯ ತರಗತಿಗೆ ಹೋದರಂತೆ. "ಆ ವರ್ಷ ಕೆಲಸ ಬಹಳವಿತ್ತು ಅನ್ನುವುದು ನಿಜ. ಆದರೆ ಆ ಐದು ಜನರ ಹತ್ತಿರ ಕೂರುವುದಕ್ಕೆ ನನಗೆ ಬೇಸರವಾಗಿತ್ತು ಅನ್ನುವುದೂ ನಿಜ. ಚುರುಕಾದವರ ಹತ್ತಿರವೇ ಕೂರುತ್ತಿದ್ದೆ. ಅದನ್ನು ಯಾವ ಸುತ್ತೋಲೆಯ ಮೇಲೂ ಹಾಕುವುದಕ್ಕಾಗುವುದಿಲ್ಲ." ಆ ಐವರಲ್ಲಿ ಒಬ್ಬ ಈಗ ನಮ್ಮ ಊರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ತಾಯಿಯನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಅದೇ ಅವರಿಗೆ ಹೆಚ್ಚು ನೋವು.

ಈ ಮಾತನ್ನು ಕೇಳಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ತಪ್ಪನ್ನು ಹೀಗೆ ಒಪ್ಪಿಕೊಳ್ಳಬಲ್ಲವರು ಯಾರು? ಕೆಲಸ ತಮ್ಮದೆಂದು ಭಾವಿಸಿದವರು. ದಾಖಲೆ ಸರಿಯಾಗಿದ್ದರೆ ಸಾಕು ಎಂದ ಹಿರಿಯರು ಹುಟ್ಟಿನಿಂದ ಹಾಗಿದ್ದರೆಂದು ನಾನು ನಂಬುವುದಿಲ್ಲ. ಒಂದರ ಮೇಲೊಂದು ಪದ್ಧತಿ ಬಂದು, ಯಾವುದು ಬರುವಾಗಲೂ ಯಾವುದು ಹೋಗುವಾಗಲೂ ಯಾರೂ ಅವರನ್ನು ಒಂದು ಮಾತು ಕೇಳದೆ ಇದ್ದುದರಿಂದ, ತರಗತಿಯು ತಮ್ಮದೆಂಬ ಭಾವನೆಯೇ ಅವರಿಂದ ಜಾರಿಹೋಗಿರಬೇಕು. ಹೆಗ್ಗಡದೇವನಕೋಟೆಯವರು ಕಾರ್ಡಿಗೆ ಕಾರ್ಡು ಬರೆದುದು ಹೆಚ್ಚಿನ ಸಂಬಳಕ್ಕಾಗಿ ಅಲ್ಲ. ನಮ್ಮ ಮಕ್ಕಳಿಗೆ ಏನು ಬೇಕೆಂಬುದು ನಿಮಗೆ ಗೊತ್ತು, ನೀವೇ ಮಾಡಿ ಎಂದು ಒಮ್ಮೆ ಅವರಿಗೆ ಹೇಳಿದುದೇ ಸಾಕಾಯಿತು. ಇಬ್ಬರೂ ಅದೇ ಇಲಾಖೆಯವರು, ಅದೇ ತರಬೇತಿ ಪಡೆದವರು. ಸುಧಾರಣೆಯನ್ನು ನಡೆಸಬೇಕಾದವನ ಕೈ ಅದರ ರಚನೆಯಲ್ಲಿಯೂ ಇದ್ದರೆ ಮಾತ್ರ ಅದು ತರಗತಿಯೊಳಗೆ ನಿಲ್ಲುತ್ತದೆ. ಇಲ್ಲದಿದ್ದರೆ ಬೀರುವಿನಲ್ಲಿಯೋ ದಾಖಲೆಯಲ್ಲಿಯೋ ನಿಲ್ಲುತ್ತದೆ. ಅಂದು ನಾನು ಹೇಳಿದ ಗಾದೆಯ ಪೂಜಾರಿಗೆ ದೇವರ ವರವನ್ನು ತಡೆದಿಡುವ ಅಧಿಕಾರವಾದರೂ ಇದ್ದಿತು. ನಮ್ಮ ಮೇಷ್ಟರಿಗೆ ವರ ಇಂತಹುದಿರಲಿ ಎಂದು ಹೇಳುವ ಬಾಯಿಯೂ ಇಲ್ಲ.

ದೂರದ ಹಳ್ಳಿಶಾಲೆಯ ಈ ಸಂಗತಿ ಕಾಲೇಜಿನ ನಮಗೇಕೆ ಎಂದು ಕೇಳಬಹುದು. ನಮ್ಮ ತರಗತಿಗಳನ್ನೇ ನೋಡಿಕೊಳ್ಳೋಣ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿತು. ನಾವು ಒಂದು ಪಠ್ಯಕ್ರಮದವರು, ನಮ್ಮ ಕಿರಿಯರು ಇನ್ನೊಂದು ಪಠ್ಯಕ್ರಮದವರು. ಬೆಳಿಗ್ಗೆ ನಮಗೆ ಒಂದನ್ನೂ ಮಧ್ಯಾಹ್ನ ಅವರಿಗೆ ಇನ್ನೊಂದನ್ನೂ ಬೋಧಿಸಿದವರು ನಮ್ಮ ಅಧ್ಯಾಪಕರು. ಎರಡರಲ್ಲಿ ಯಾವುದು ಲೇಸು ಎಂಬುದರ ಬಗೆಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಪಾಠ ಹೇಳಿ ನೋಡಿದವರ ಅನುಭವವನ್ನು ತೂಗಿ ನೋಡುವಷ್ಟು ಕಾಲ ಯಾವುದಕ್ಕೂ ದೊರೆಯಲಿಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ದೂರುವುದು ಸುಲಭ, ಸೂಚಿಸುವುದು ಕಷ್ಟ. ಆದರೂ ಆ ಎಂಟು ದಿನಗಳಲ್ಲಿ ಕೇಳಿದ ಮಾತುಗಳಿಂದ ನನಗೆ ತೋರಿದ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ಮೊದಲನೆಯದಾಗಿ, ಯಾವುದೇ ಹೊಸ ಪದ್ಧತಿಯನ್ನು ನಾಡಿಗೆಲ್ಲ ಹರಡುವ ಮುನ್ನ ಪ್ರತಿಯೊಂದು ಜಿಲ್ಲೆಯಲ್ಲಿ ಕೆಲವು ಶಾಲೆಗಳಲ್ಲಿ ಎರಡು ವರ್ಷ ನಡೆಸಿ ನೋಡಲಿ. ಆ ಶಾಲೆಗಳ ಉಪಾಧ್ಯಾಯರು ಅದನ್ನು ತಿದ್ದಿ ಬರೆದ ಮೇಲೆ ಮಾತ್ರ ಮುದ್ರಣಕ್ಕೆ ಹೋಗಲಿ. ಎರಡನೆಯದಾಗಿ, ನಾಲ್ಕಾರು ಶಾಲೆಗಳಿಗೆ ಒಬ್ಬ ಗುಮಾಸ್ತರನ್ನು ಕೊಟ್ಟು ಮೊಟ್ಟೆಯ ಲೆಕ್ಕ, ಆಧಾರ್ ಲೆಕ್ಕಗಳನ್ನು ಅವರಿಗೆ ವಹಿಸಲಿ. ಒಬ್ಬ ಗುಮಾಸ್ತರ ಸಂಬಳದಿಂದ ಎಂಟು ಹತ್ತು ಮಂದಿ ಉಪಾಧ್ಯಾಯರ ಹೊತ್ತು ಮಕ್ಕಳಿಗೆ ಉಳಿಯುತ್ತದೆ. ಮೂರನೆಯದಾಗಿ, ಕ್ಲಸ್ಟರ್ ಸಭೆಯಲ್ಲಿ ಒಂದು ಗಂಟೆಯನ್ನು ಸುತ್ತೋಲೆಗಳಿಂದ ಬಿಡಿಸಿ, ಉಪಾಧ್ಯಾಯರು ತಮ್ಮ ತರಗತಿಯ ಒಂದು ಕಷ್ಟವನ್ನು ಪರಸ್ಪರ ಹೇಳಿಕೊಳ್ಳುವುದಕ್ಕೆ ಬಿಡಲಿ. ಮೆಟ್ಟಿಲು ಹಾರಿಸಬೇಕಾದರೆ ಹಾರಿಸಲಿ, ಏಕೆ ಹಾರಿಸಿದೆನೆಂದು ಎರಡು ಸಾಲು ಬರೆದಿಡಲಿ. ತಪಾಸಣೆಗೆ ಬಂದವರು ಪಟವನ್ನು ನೋಡುವ ಮೊದಲು ಮಗುವನ್ನು ಓದಿಸಿ ನೋಡಲಿ. ಸ್ವಾತಂತ್ರ್ಯ ಕೊಟ್ಟ ಮೇಲೆ ಲೆಕ್ಕ ಕೇಳುವ ಹಕ್ಕೂ ಸಮಾಜಕ್ಕೆ ಉಂಟು. ಐವರು ಮಕ್ಕಳಿಗೆ ಏಕೆ ಓದು ಬರಲಿಲ್ಲ ಎಂದು ಆಗ ಧೈರ್ಯವಾಗಿ ಕೇಳಬಹುದು.

ಸಹಪಾಠಿಗಳೇ, ನಮ್ಮಂತಹ ಕಲಾ ಕಾಲೇಜಿನಿಂದ ಹೊರಟವರಲ್ಲಿ ಬಹಳ ಮಂದಿ ಹೋಗಿ ಸೇರುವುದು ಉಪಾಧ್ಯಾಯ ವೃತ್ತಿಯನ್ನೇ. ಬೇರೆ ಕೆಲಸ ಸಿಗದಿದ್ದರೆ ಬಿ.ಎಡ್. ಇದ್ದೇ ಇದೆ ಎಂದು ನಾವು ಹಾಸ್ಯಕ್ಕೆ ಆಡಿಕೊಳ್ಳುವುದುಂಟು. ನಾನೂ ಆಡಿಕೊಂಡಿದ್ದೆ. ಈಗ ಆ ಅರ್ಜಿಯನ್ನು ಹಾಸ್ಯಕ್ಕಲ್ಲದೆ ತುಂಬಬೇಕೆಂದಿದ್ದೇನೆ. ತಾಯಿ ಇದಕ್ಕೆ ಪೂರ್ತಿ ಒಪ್ಪಿಲ್ಲ. "ನೋಡಿದೆಯಲ್ಲ, ಮತ್ತೆ ಯಾಕೆ?" ಎನ್ನುತ್ತಾರೆ. ಹೀಗೆ ಹೇಳುವವರೇ ರಾತ್ರಿ ಹತ್ತು ಗಂಟೆಗೆ ರಟ್ಟು ಕತ್ತರಿಸುತ್ತ ಕೂರುವುದನ್ನು ನೋಡಿದರೆ ಅವರ ಮಾತಿಗಿಂತ ಅವರ ಕೆಲಸವನ್ನು ಹೆಚ್ಚು ನಂಬಬೇಕೆನಿಸುತ್ತದೆ.

ಚರ್ಚಾಕೂಟದ ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷವೂ ಅದೇ ವಿಷಯವನ್ನು ಇಡಿ. ಆದರೆ ಪರ ವಿರೋಧಗಳ ಭಾಷಣ ಆರಂಭವಾಗುವ ಮುನ್ನ ನಮ್ಮೂರಿನ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟರನ್ನು ವೇದಿಕೆಗೆ ಕರೆದು, ಅವರ ಒಂದು ದಿನದ ಕೆಲಸವನ್ನು ಹೇಳಿಸಿ. ಅದನ್ನು ಕೇಳಿದ ಮೇಲೂ ಹೊಣೆ ಅವರದೇ ಎಂದು ವಾದಿಸುವವರಿದ್ದರೆ ವಾದಿಸಲಿ, ಗೆದ್ದರೆ ಬಹುಮಾನವನ್ನೂ ಪಡೆಯಲಿ. ಆ ಬಹುಮಾನವನ್ನು ಮನೆಗೆ ಒಯ್ಯಲು ಅವರಿಗೆ ನನಗಾದಂತೆ ನಾಚಿಕೆಯಾಗಬೇಕಾದುದಿಲ್ಲ.